ವೇಗ ಅಂದಿರಲ್ಲ, ಯಾರ ಲೆಕ್ಕದ ವೇಗ?

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಹಲಗೆಯ ಮೇಲೆ ಗೀಚಿದ್ದ ಸಮೀಕರಣಗಳನ್ನು ಆದಷ್ಟೂ ಮಾತಿಗೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಮೂರೇ ಮೂರು ಸಾಮಾನುಗಳಿವೆ. ಒಂದು ದಿಕ್ಸೂಚಿ, ಒಂದು ಟಾರ್ಚಿನ ಸೆಲ್ಲು, ಒಂದು ಮೊಳ ತಾಮ್ರದ ತಂತಿ. ತಂತಿಯನ್ನು ದಿಕ್ಸೂಚಿಯ ಗಾಜಿನ ಮೇಲೆ, ಮುಳ್ಳು ತೋರುವ ದಿಕ್ಕಿಗೇ ಸರಿಯಾಗಿ ಹಿಡಿಯುತ್ತೇನೆ. ಈಗ ಎರಡೂ ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿದೆ. ನೋಡಿದಿರಾ, ಮುಳ್ಳು ಪಟ್ಟನೆ ಪಕ್ಕಕ್ಕೆ ಹೊರಳಿತು. ಬಿಟ್ಟೆ, ನಾಲ್ಕು ಸಲ ತೂಗಾಡಿ ಮತ್ತೆ ಉತ್ತರಕ್ಕೆ ನಿಂತಿತು. ಮನೆಯಲ್ಲಿ ಮಾಡುವವರು ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ತಂತಿಯೂ ಸೆಲ್ಲೂ ಕಾಯುತ್ತವೆ.

1820ರಲ್ಲಿ ಕೋಪನ್‌ಹೇಗನ್‌ನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಕಂಡದ್ದು ಇದನ್ನೇ. ಸುದ್ದಿ ಪ್ಯಾರಿಸ್ ಮುಟ್ಟಿದ್ದೇ ತಡ, ಅಲ್ಲಿನ ವಿಜ್ಞಾನಿ ಆಂಪಿಯರ್ ಎರಡು ತಂತಿಗಳನ್ನು ಅಕ್ಕಪಕ್ಕ ಇಟ್ಟು ಎರಡರಲ್ಲೂ ಕರೆಂಟ್ ಹರಿಸಿದರು. ಒಂದೇ ದಿಕ್ಕಿಗೆ ಹರಿಸಿದರೆ ತಂತಿಗಳು ಒಂದನ್ನೊಂದು ಸೆಳೆಯುತ್ತವೆ, ಎದುರುಬದುರು ಹರಿಸಿದರೆ ದೂಡುತ್ತವೆ. ಅಯಸ್ಕಾಂತವೇ ಇಲ್ಲದ ಕಡೆ ಕಾಂತಬಲ! ವಿದ್ಯುತ್ ಆವೇಶ, ಅಂದರೆ ಚಾರ್ಜ್, ಓಡಿದರೆ ಕಾಂತತ್ವ ಹುಟ್ಟುತ್ತದೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಏಕೆ ಹುಟ್ಟುತ್ತದೆ ಎಂಬುದು ಮಾತ್ರ ಇನ್ನೂ 85 ವರ್ಷ ಕಾಯಬೇಕಾಯಿತು. ಇವತ್ತಿನ ಮಾತು ಆ ‘ಏಕೆ’ಯ ಬಗ್ಗೆ.

ಕಾಲೇಜಿನಲ್ಲಿದ್ದಾಗ ನಮಗೆ ಒಂದು ಸೂತ್ರ ಬರೆಸಿದ್ದರು. ಕಾಂತಕ್ಷೇತ್ರದಲ್ಲಿ ಓಡುವ ಕಣದ ಮೇಲಿನ ಬಲ ಎಂದರೆ ಆವೇಶ, ವೇಗ, ಕಾಂತಕ್ಷೇತ್ರ ಮೂರರ ಗುಣಲಬ್ಧ. ಕಣ ನಿಂತಿದ್ದರೆ ಬಲ ಸೊನ್ನೆ. ನಾನು ಕೈಯೆತ್ತಿ ಕೇಳಿದೆ: ‘ಸರ್, ವೇಗ ಅಂದಿರಲ್ಲ, ಯಾರ ಲೆಕ್ಕದ ವೇಗ?’ ಪರೀಕ್ಷೆಗೆ ಬರುವುದನ್ನು ಮೊದಲು ಓದು ಎಂಬ ಉತ್ತರ ಬಂತು. ಪ್ರಶ್ನೆ ದಡ್ಡತನದ್ದಿರಬೇಕು ಅಂದುಕೊಂಡು ಕೂತುಬಿಟ್ಟೆ. ಅದು ದಡ್ಡ ಪ್ರಶ್ನೆಯಲ್ಲ ಎಂದು ತಿಳಿಯಲು ವರ್ಷಗಳೇ ಬೇಕಾದವು.

ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರೆಂಟ್ ಹರಿಯುತ್ತಿರುವ ತಂತಿ ಇದೆ. ಅದರ ಹೊರಗೆ, ಪಕ್ಕದಲ್ಲಿ, ಒಂದು ಒಂಟಿ ಎಲೆಕ್ಟ್ರಾನ್ ತಂತಿಯೊಳಗಿನ ಎಲೆಕ್ಟ್ರಾನುಗಳ ಜೊತೆಜೊತೆಗೇ, ಅದೇ ವೇಗದಲ್ಲಿ ಓಡುತ್ತಿದೆ. ಮೇಜಿನ ಪಕ್ಕ ನಿಂತ ನಾನು ಹೇಳುತ್ತೇನೆ: ತಂತಿಯ ಸುತ್ತ ಕಾಂತಕ್ಷೇತ್ರ ಇದೆ, ಎಲೆಕ್ಟ್ರಾನಿಗೆ ವೇಗ ಇದೆ, ಬಲ ಇದೆ, ಅದು ತಂತಿಯ ಕಡೆಗೆ ಸೆಳೆಯಲ್ಪಡುತ್ತದೆ. ಪ್ರಯೋಗವೂ ಹಾಗೇ ಹೇಳುತ್ತದೆ. ಈಗ ನೀವು ಆ ಒಂಟಿ ಎಲೆಕ್ಟ್ರಾನಿನ ಹೆಗಲೇರಿ ಕೂತಿದ್ದೀರಿ ಎನ್ನಿ. ನಿಮ್ಮ ಪಾಲಿಗೆ ಅದು ಅಲುಗಾಡದೆ ನಿಂತಿದೆ. ವೇಗ ಸೊನ್ನೆ, ಅಂದ ಮೇಲೆ ಕಾಂತಬಲವೂ ಸೊನ್ನೆ. ಆದರೆ ಎಲೆಕ್ಟ್ರಾನ್ ತಂತಿಗೆ ಹೋಗಿ ಬಡಿಯುವುದು ಬಡಿಯುವುದೇ. ಬಡಿದದ್ದು ನನಗೆ ಕಂಡು ನಿಮಗೆ ಕಾಣದೆ ಇರಲು ಅದೇನು ಕಣ್ಕಟ್ಟೇ? ಹಾಗಾದರೆ ನಿಮ್ಮ ಲೆಕ್ಕದಲ್ಲಿ ಅದನ್ನು ಎಳೆದವರು ಯಾರು?

1905ರ ಜೂನ್ ಕೊನೆಯಲ್ಲಿ, ಬರ್ನ್ ಊರಿನ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದ 26ರ ತರುಣ ಆಲ್ಬರ್ಟ್ ಐನ್‌ಸ್ಟೈನ್ ಒಂದು ಲೇಖನ ಕಳಿಸಿದರು. ಸಾಪೇಕ್ಷತಾ ಸಿದ್ಧಾಂತ ಹುಟ್ಟಿದ ಲೇಖನ ಅದು. ಅದರ ತಲೆಬರಹದಲ್ಲಿ ಸಾಪೇಕ್ಷತೆ ಎಂಬ ಪದವೇ ಇಲ್ಲ. ‘ಚಲಿಸುವ ಕಾಯಗಳ ವಿದ್ಯುತ್ ಚಲನಶಾಸ್ತ್ರದ ಕುರಿತು’ ಎಂಬುದು ಅದರ ಹೆಸರು. ಶುರುವಾಗುವುದು ರೈಲಿನಿಂದಲೂ ಅಲ್ಲ, ಮಿಂಚಿನಿಂದಲೂ ಅಲ್ಲ, ಅಯಸ್ಕಾಂತ ಮತ್ತು ವಾಹಕ ತಂತಿಯಿಂದ. ಅಯಸ್ಕಾಂತವನ್ನು ಸುರುಳಿಯ ಹತ್ತಿರ ತಂದರೆ ಸುರುಳಿಯಲ್ಲಿ ಕರೆಂಟ್ ಹರಿಯುತ್ತದೆ. ಅಯಸ್ಕಾಂತವನ್ನು ಬಿಟ್ಟು ಸುರುಳಿಯನ್ನೇ ಹತ್ತಿರ ತಂದರೂ ಅಷ್ಟೇ ಕರೆಂಟ್ ಹರಿಯುತ್ತದೆ. 1831ರಿಂದಲೇ, ಫ್ಯಾರಡೆಯ ಕಾಲದಿಂದಲೇ ಇದು ಗೊತ್ತಿತ್ತು. ಆದರೆ ಪುಸ್ತಕಗಳು ಮೊದಲನೆಯದಕ್ಕೆ ‘ವಿದ್ಯುತ್ ಕ್ಷೇತ್ರ ಹುಟ್ಟಿತು’ ಎಂದು, ಎರಡನೆಯದಕ್ಕೆ ‘ವಿದ್ಯುತ್ ಕ್ಷೇತ್ರ ಇಲ್ಲ, ಕಾಂತಬಲ ದೂಡಿತು’ ಎಂದು ಕಾರಣ ಕೊಡುತ್ತಿದ್ದವು. ಘಟನೆ ಒಂದು, ಕಾರಣ ಎರಡು. ಈ ಇಬ್ಬಂದಿಯೇ ಐನ್‌ಸ್ಟೈನರಿಗೆ ಸಹಿಸಲಾಗದೆ ಹೋದದ್ದು. ನನ್ನ ಅಭಿಪ್ರಾಯ ಕೇಳಿದರೆ, ಸಾಪೇಕ್ಷತೆಯನ್ನು ಕಲಿಸುವಾಗ ಅಂತರಿಕ್ಷ ನೌಕೆ, ಅವಳಿ ಸೋದರರ ಕಥೆಗಳಿಂದ ಹೊರಡುವುದೇ ತಪ್ಪು. ಅದು ಹುಟ್ಟಿದ್ದು ಸುರುಳಿ ತಂತಿಯಲ್ಲಿ.

ಈಗ ಎಲೆಕ್ಟ್ರಾನಿನ ಹೆಗಲಿಗೆ ಹಿಂತಿರುಗೋಣ. ನಮಗೆ ಬೇಕಾದ ಬಂಡವಾಳ ಇಷ್ಟೇ. ಓಡುವ ವಸ್ತು ಓಟದ ದಿಕ್ಕಿನಲ್ಲಿ ಕುಗ್ಗಿದಂತೆ ಅಳತೆಗೆ ಸಿಗುತ್ತದೆ. ಓಡುವ ಗಡಿಯಾರ ನಿಧಾನವಾಗುತ್ತದೆ. ಮೂರನೆಯದನ್ನು ಜನ ಹೇಳಲು ಮರೆಯುತ್ತಾರೆ: ಎಷ್ಟೇ ಓಡಿದರೂ ಆವೇಶ ಮಾತ್ರ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಇದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ. ತಾಮ್ರದ ಬಿಡಿ ಎಲೆಕ್ಟ್ರಾನುಗಳು ಕರೆಂಟ್ ಇಲ್ಲದಾಗಲೂ ಸೆಕೆಂಡಿಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ದಿಕ್ಕಾಪಾಲಾಗಿ ಓಡುತ್ತಿರುತ್ತವೆ, ಅವನ್ನು ಬಿಟ್ಟುಕೊಟ್ಟು ಧನ ಆವೇಶದಲ್ಲಿ ಉಳಿದ ಪರಮಾಣುಗಳು, ಅಂದರೆ ಅಯಾನುಗಳು, ಇದ್ದಲ್ಲೇ ಅದುರುತ್ತಿರುತ್ತವೆ. ವೇಗದ ಜೊತೆ ಆವೇಶ ಒಂದಿಷ್ಟು ಬದಲಾಗಿದ್ದರೂ ತಾಮ್ರದ ಪ್ರತಿ ತುಂಡೂ ಮುಟ್ಟಿದರೆ ಶಾಕ್ ಹೊಡೆಯಬೇಕಿತ್ತು. ಹೊಡೆಯುವುದಿಲ್ಲ.

ತಂತಿಯನ್ನು ಎರಡು ಸಾಲು ಮಣಿಗಳು ಎಂದು ಭಾವಿಸಿ. ಒಂದು ಸಾಲಿನಲ್ಲಿ ಧನ ಆವೇಶದ ತಾಮ್ರದ ಅಯಾನುಗಳು, ಅವು ನಿಂತಿವೆ. ಇನ್ನೊಂದರಲ್ಲಿ ಋಣ ಆವೇಶದ ಎಲೆಕ್ಟ್ರಾನುಗಳು, ಅವು ಓಡುತ್ತಿವೆ. ಲೆಕ್ಕ ಕಣ್ಣಿಗೆ ಕಾಣಲಿ ಎಂದು ವೇಗವನ್ನು ಬೇಕೆಂದೇ ವಿಪರೀತ ಏರಿಸುತ್ತೇನೆ: ಬೆಳಕಿನ ವೇಗದ ಹತ್ತರಲ್ಲಿ ಆರು ಪಾಲು. ಈ ವೇಗಕ್ಕೆ ಕುಗ್ಗುವ ಪ್ರಮಾಣ ಸರಿಯಾಗಿ ಒಂದೂಕಾಲು ಪಟ್ಟು, ಗಣಿತ ಮಾಡಲು ಸುಲಭ.

ಮೇಜಿನ ಪಕ್ಕ ನಿಂತ ನನ್ನ ಲೆಕ್ಕದಲ್ಲಿ, ಒಂದು ಗೊತ್ತಾದ ಉದ್ದದಲ್ಲಿ 100 ಅಯಾನು, 100 ಎಲೆಕ್ಟ್ರಾನ್. ಸರಿಸಮ. ತಂತಿ ತಟಸ್ಥ, ಅದರಲ್ಲಿ ವಿದ್ಯುತ್ ಸೆಳೆತ ಇಲ್ಲ. ಈಗ ನಿಮ್ಮ ಲೆಕ್ಕ. ನೀವು ಎಲೆಕ್ಟ್ರಾನುಗಳ ಜೊತೆ ಓಡುತ್ತಿದ್ದೀರಿ, ಹಾಗಾಗಿ ನಿಮಗೆ ಎಲೆಕ್ಟ್ರಾನುಗಳ ಸಾಲು ನಿಂತಿದೆ, ಅಯಾನುಗಳ ಸಾಲು ಹಿಂದಕ್ಕೆ ಓಡುತ್ತಿದೆ. ಓಡುವ ಸಾಲು ಕುಗ್ಗಬೇಕು. ಅಯಾನುಗಳು ಒತ್ತೊತ್ತಾಗಿ ಬಂದು ಅದೇ ಉದ್ದದಲ್ಲಿ 125 ಆಗುತ್ತವೆ. ಎಲೆಕ್ಟ್ರಾನುಗಳದ್ದು ತಿರುಗುಮುರುಗು. ನನ್ನ ಕಣ್ಣಿಗೆ ಕಂಡ 100 ಎಂಬುದು ಓಟದಿಂದ ಕುಗ್ಗಿದ ಸಾಲಿನ ಎಣಿಕೆ. ಅವು ನಿಂತಂತೆ ಕಾಣುವ ನಿಮಗೆ ಸಾಲು ಸಡಿಲವಾಗಿ 80 ಮಾತ್ರ ಸಿಗುತ್ತವೆ. 125ರಲ್ಲಿ 80 ಕಳೆಯಿರಿ. 45 ಧನ ಆವೇಶ ಹೆಚ್ಚಿಗೆ ಉಳಿಯಿತು!

ನನಗೆ ತಟಸ್ಥವಾಗಿ ಕಂಡ ತಂತಿ ನಿಮಗೆ ಧನ ಆವೇಶದ ತಂತಿ. ನಿಮ್ಮ ಎಲೆಕ್ಟ್ರಾನ್ ಋಣ. ಸೆಳೆಯದೆ ಇನ್ನೇನು ಮಾಡೀತು? ನಾನು ಕಾಂತಬಲ ಎಂದು ಕರೆದದ್ದನ್ನು ನೀವು ಶುದ್ಧ ವಿದ್ಯುತ್ ಬಲ ಎಂದು ಕರೆಯುತ್ತೀರಿ. ಬಲದ ಪ್ರಮಾಣವಾದರೂ ತಾಳೆಯಾಗುತ್ತದೆಯೇ? ಆಗುತ್ತದೆ. ನೀವು ಅಳೆದ 45 ಪಾಲು ಬಲವನ್ನು ನನ್ನ ಗಡಿಯಾರದ ಲೆಕ್ಕಕ್ಕೆ ತರಬೇಕಾದರೆ ಒಂದೂಕಾಲರಿಂದ ಭಾಗಿಸಬೇಕು: 36. ಅಂದರೆ ತಂತಿಯೊಳಗಿನ ಒಂದೇ ಸಾಲಿನ 100 ಆವೇಶಗಳು ಎಳೆಯುತ್ತಿದ್ದ ಬಲದಲ್ಲಿ ನೂರಕ್ಕೆ 36 ಪಾಲು. ಹತ್ತರಲ್ಲಿ ಆರು ಎಂಬ ವೇಗದ ವರ್ಗವೂ ನೂರರಲ್ಲಿ 36. ಈ ಹೊಂದಿಕೆ ಕಾಕತಾಳೀಯವಲ್ಲ. ಎರಡೂ ಕಡೆ ಒಂದೇ ವೇಗದ ಓಟವಿದ್ದರೆ ಕಾಂತಬಲ ಎಂದರೆ ವಿದ್ಯುತ್ ಬಲ ಗುಣಿಸು ‘ವೇಗ ಭಾಗಿಸು ಬೆಳಕಿನ ವೇಗ’ದ ವರ್ಗ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗಂಟೆ ಸಲೀಸು.

ಇಲ್ಲಿ ಯಾರಾದರೂ ತಕರಾರು ಎತ್ತಲೇಬೇಕು. ‘ಬೆಳಕಿನ ವೇಗದ ಹತ್ತರಲ್ಲಿ ಆರು ಪಾಲೇ? ಈ ಟಾರ್ಚಿನ ಸೆಲ್ಲಿಂದಲೇ?’ ನ್ಯಾಯವಾದ ತಕರಾರು. ನಿಜವಾದ ವೇಗ ಕೇಳಿದರೆ ನಗು ಬರುತ್ತದೆ. ಅಡ್ಡಕೊಯ್ತ 1 ಚದರ ಮಿಲಿಮೀಟರ್ ಇರುವ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳ ಗುಂಪು ಮುಂದಕ್ಕೆ ಸರಿಯುವುದು ಸೆಕೆಂಡಿಗೆ 0.07 ಮಿಲಿಮೀಟರ್. ಗೋಡೆ ಗಡಿಯಾರದ ನಿಮಿಷದ ಮುಳ್ಳಿನ ತುದಿ ಇದರ ಎರಡರಷ್ಟು ವೇಗವಾಗಿ ಸರಿಯುತ್ತದೆ. ಒಂದು ಮೀಟರ್ ದಾಟಲು ಎಲೆಕ್ಟ್ರಾನ್ ಗುಂಪಿಗೆ ಮೂರೂಮುಕ್ಕಾಲು ಗಂಟೆ ಬೇಕು. ಸ್ವಿಚ್ ಒತ್ತಿದ ಕ್ಷಣವೇ ದೀಪ ಹೊತ್ತುತ್ತದಲ್ಲ ಎನ್ನಬೇಡಿ. ಓಡಿ ಬರುವುದು ವಿದ್ಯುತ್ ಕ್ಷೇತ್ರ, ಎಲೆಕ್ಟ್ರಾನುಗಳಲ್ಲ.

ಇಂಥ ಆಮೆನಡಿಗೆಗೂ ಸಾಪೇಕ್ಷತೆಗೂ ಎಲ್ಲಿಂದೆಲ್ಲಿಯ ಸಂಬಂಧ? ಆ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ ವರ್ಗ ಮಾಡಿದರೆ ಸಿಗುವುದು 6 ಭಾಗಿಸು 10²⁶. ಸೊನ್ನೆ ಎಂದು ಕಸಕ್ಕೆ ಎಸೆಯಬೇಕಾದ ಸಂಖ್ಯೆ. ಆದರೆ ಎಸೆಯುವ ಮೊದಲು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ.

ಆ ತಂತಿಯ ಒಂದು ಮೀಟರಿನಲ್ಲಿ 8.5 × 10²² ಬಿಡಿ ಎಲೆಕ್ಟ್ರಾನುಗಳಿವೆ. ಅವುಗಳ ಒಟ್ಟು ಆವೇಶ ಸುಮಾರು 13,600 ಕೂಲಂಬ್. ಕೂಲಂಬ್ ಎಂದರೆ ಆವೇಶ ಅಳೆಯುವ ಮಾನ. ಸಾಮಾನ್ಯ ಸಿಡಿಲೊಂದು ನೆಲಕ್ಕಿಳಿಸುವುದು ಹತ್ತಿಪ್ಪತ್ತು ಕೂಲಂಬ್, ಅಷ್ಟಕ್ಕೇ ಮರ ಸೀಳುತ್ತದೆ. ನನ್ನ ಕೈಯಲ್ಲಿರುವ ಈ ಮೊಳ ತಂತಿಯಲ್ಲಿ ನೂರಾರು ಸಿಡಿಲುಗಳ ಆವೇಶ ತೆಪ್ಪಗೆ ಕೂತಿದೆ. ತೆಪ್ಪಗೆ ಏಕೆಂದರೆ ಅಷ್ಟೇ ಧನ ಆವೇಶ ಪಕ್ಕದಲ್ಲೇ ಕೂತು ಅದನ್ನು ಸರಿದೂಗಿಸಿದೆ. ಸರಿದೂಗಿಸದೆ ಇದ್ದಿದ್ದರೆ? ಇಂಥ ಎರಡು ತಂತಿಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟು, ಎರಡರಲ್ಲೂ ಎಲೆಕ್ಟ್ರಾನುಗಳನ್ನು ಮಾತ್ರ ಉಳಿಸಿದರೆ, ಪ್ರತಿ ಮೀಟರ್ ಉದ್ದಕ್ಕೆ ವಿಕರ್ಷಣೆ 3.3 × 10¹⁸ ನ್ಯೂಟನ್. ನಮ್ಮ ಎಣಿಕೆಯಲ್ಲಿ 33 ಸಾವಿರ ಕೋಟಿ ಕೋಟಿ. ಭೂಮಿಯ ಸಾಗರಗಳ ನೀರನ್ನೆಲ್ಲ ನಾಲ್ಕು ಸಾವಿರ ಪಾಲು ಮಾಡಿ, ಒಂದು ಪಾಲನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು ಬಲ ಅದು.

ಈ ದೈತ್ಯ ಸಂಖ್ಯೆಯನ್ನು ಆ ಕ್ಷುಲ್ಲಕ ಸಂಖ್ಯೆಯಿಂದ ಗುಣಿಸಿ. 3.3 × 10¹⁸ ಗುಣಿಸು 6 ಭಾಗಿಸು 10²⁶. ಹಲಗೆಯ ಮೇಲೆ ಮಾಡಿ ತೋರಿಸುತ್ತೇನೆ, ತಾಳ್ಮೆಯಿಂದ ನೋಡಿ. ಉತ್ತರ: 2 × 10⁻⁷ ನ್ಯೂಟನ್.

ಇಂಜಿನಿಯರಿಂಗ್ ಓದಿದವರ ಮುಖ ಈಗ ಅರಳಿತು, ಗಮನಿಸಿದೆ. ಒಂದು ಮೀಟರ್ ಅಂತರದ ಎರಡು ಉದ್ದ ತಂತಿಗಳ ನಡುವೆ ಪ್ರತಿ ಮೀಟರಿಗೆ 2 × 10⁻⁷ ನ್ಯೂಟನ್ ಬಲ ಹುಟ್ಟಿಸುವ ಕರೆಂಟೇ 1 ಆಂಪಿಯರ್ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವು. 1948ರಿಂದ 2019ರ ಮೇ 20ರವರೆಗೆ ಆಂಪಿಯರಿನ ಅಧಿಕೃತ ವ್ಯಾಖ್ಯೆ ಅದೇ ಆಗಿತ್ತು. ಈಗ ಎಲೆಕ್ಟ್ರಾನಿನ ಆವೇಶವನ್ನೇ ಸ್ಥಿರಗೊಳಿಸಿ ಬೇರೆ ವ್ಯಾಖ್ಯೆ ಮಾಡಿದ್ದಾರೆ. ನಾವು ಕಾಂತಕ್ಷೇತ್ರದ ಹೆಸರೇ ಎತ್ತದೆ, ಆವೇಶ ಎಣಿಸಿ, ಸಾಪೇಕ್ಷತೆಯ ಕೂದಲೆಳೆಯಷ್ಟು ಕುಗ್ಗುವಿಕೆಯನ್ನು ಸೇರಿಸಿ, ಅದೇ ಸಂಖ್ಯೆಗೆ ಬಂದು ನಿಂತೆವು. ನಾನು ಮೊದಲ ಸಲ ಈ ಗುಣಾಕಾರ ಮಾಡಿದ್ದು ಬಸ್ ಟಿಕೆಟಿನ ಹಿಂಬದಿಯಲ್ಲಿ. ಎಲ್ಲೋ ತಪ್ಪಿರಬೇಕು ಎಂದು ಮೂರು ಸಲ ಮಾಡಿ ನೋಡಿದ್ದೆ.

ಹಾಗಾಗಿ ಸಾಪೇಕ್ಷತೆ ರಾಕೆಟ್ಟಿನ ವೇಗಕ್ಕೆ ಮಾತ್ರ, ದಿನಬಳಕೆಗೆ ನ್ಯೂಟನ್ನೇ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಫ್ಯಾನು ತಿರುಗುವುದು, ಮಿಕ್ಸಿ ಗುರ್ ಎನ್ನುವುದು, ಕಾಲಿಂಗ್ ಬೆಲ್ಲು ಬಡಿಯುವುದು ಎಲ್ಲವೂ ಗಡಿಯಾರದ ಮುಳ್ಳಿಗಿಂತ ನಿಧಾನವಾಗಿ ತೆವಳುವ ಎಲೆಕ್ಟ್ರಾನುಗಳ ಸಾಪೇಕ್ಷತಾ ಪರಿಣಾಮ. ಉಳಿದೆಡೆ ಈ ಪರಿಣಾಮ ದೊಡ್ಡ ಬಲಗಳ ಕೆಳಗೆ ಹೂತುಹೋಗುತ್ತದೆ. ತಂತಿಯಲ್ಲಿ ಮಾತ್ರ ಆ ದೊಡ್ಡ ಬಲ ಧನ–ಋಣ ಸೇರಿ ಪೂರ್ತಿ ರದ್ದಾಗಿ, ತಳದಲ್ಲಿದ್ದ ಚೂರು ಮೇಲೆ ಕಾಣುತ್ತದೆ.

ಇದೇ ಸುಳಿವು ಸಾಪೇಕ್ಷತೆಗೆ ಅರ್ಧ ಶತಮಾನ ಮೊದಲೇ ಬಂದಿತ್ತು ಎಂಬುದು ಸ್ವಾರಸ್ಯ. 1856ರಲ್ಲಿ ಜರ್ಮನಿಯ ವೇಬರ್ ಮತ್ತು ಕೋಲ್‌ರಾಷ್ ಒಂದು ಲೇಡನ್ ಜಾಡಿಯಲ್ಲಿ (ಆವೇಶ ಕೂಡಿಡುವ ಗಾಜಿನ ಜಾಡಿ) ಆವೇಶ ತುಂಬಿ, ಅದನ್ನು ಮೊದಲು ವಿದ್ಯುತ್ ಬಲದಿಂದ ಅಳೆದರು, ಆಮೇಲೆ ಅದನ್ನೇ ಸುರುಳಿಯಲ್ಲಿ ಹರಿಸಿ ಕಾಂತಬಲದಿಂದ ಅಳೆದರು. ಎರಡು ಅಳತೆಗಳ ಅನುಪಾತ ಒಂದು ವೇಗವಾಗಿ ಹೊರಬಂತು: ಸೆಕೆಂಡಿಗೆ ಸುಮಾರು 3,10,000 ಕಿ.ಮೀ. ಬೆಳಕಿನ ವೇಗಕ್ಕೆ ಇಷ್ಟು ಹತ್ತಿರ! ಪ್ರಯೋಗದಲ್ಲಿ ಬೆಳಕಿನ ಸುಳಿವೇ ಇರಲಿಲ್ಲ, ಇದ್ದದ್ದು ಜಾಡಿ, ಸುರುಳಿ, ಮುಳ್ಳು. ಮ್ಯಾಕ್ಸ್‌ವೆಲ್ ಆ ಸಂಖ್ಯೆಯನ್ನು ಹಿಡಿದು ಬೆಳಕೇ ವಿದ್ಯುತ್ಕಾಂತ ತರಂಗ ಎಂಬ ತೀರ್ಮಾನಕ್ಕೆ ಬಂದರು. ಇವತ್ತು ನಮಗೆ ಇನ್ನೊಂದು ಬದಿಯೂ ಕಾಣುತ್ತದೆ: ಕಾಂತಬಲ ವಿದ್ಯುತ್ ಬಲಕ್ಕಿಂತ ಬೆಳಕಿನ ವೇಗದ ವರ್ಗದಷ್ಟು ದುರ್ಬಲ; ಎರಡನ್ನೂ ಹೋಲಿಸಿ ನೋಡಿದವರಿಗೆ ಆ ವೇಗ ಸಿಕ್ಕೇ ಸಿಗಬೇಕು.

ಈಗ ಒಂದು ಎಚ್ಚರಿಕೆ. ಇಷ್ಟು ಕೇಳಿದವರು ‘ಹಾಗಾದರೆ ಕಾಂತತ್ವ ಬರೀ ಭ್ರಮೆ, ಇರುವುದು ವಿದ್ಯುತ್ ಒಂದೇ’ ಎಂದು ಹೇಳಿಕೊಂಡು ತಿರುಗುತ್ತಾರೆ. ವೀಡಿಯೊಗಳಲ್ಲೂ ಇದು ಚೆನ್ನಾಗಿ ಓಡುತ್ತದೆ. ಅದು ತಪ್ಪು. ನಿಮ್ಮ ಎಲೆಕ್ಟ್ರಾನಿನ ಹೆಗಲ ಮೇಲೆ ಕೂತಾಗಲೂ ಅಯಾನುಗಳ ಸಾಲು ಹಿಂದಕ್ಕೆ ಓಡುತ್ತಿತ್ತಲ್ಲ? ಅದೂ ಕರೆಂಟೇ. ಅಲ್ಲೂ ಕಾಂತಕ್ಷೇತ್ರ ಇದೆ. ನಿಂತ ಎಲೆಕ್ಟ್ರಾನಿಗೆ ಅದು ತಾಗಲಿಲ್ಲ ಅಷ್ಟೇ. ತಟಸ್ಥ ತಂತಿಯ ಕಾಂತಕ್ಷೇತ್ರವನ್ನು ಎಷ್ಟು ವೇಗವಾಗಿ ಓಡಿದರೂ ಇಲ್ಲವಾಗಿಸಲು ಬರುವುದಿಲ್ಲ. ವಿದ್ಯುತ್ ಕ್ಷೇತ್ರದ ವರ್ಗದಿಂದ, ಬೆಳಕಿನ ವೇಗದಿಂದ ಗುಣಿಸಿದ ಕಾಂತಕ್ಷೇತ್ರದ ವರ್ಗವನ್ನು ಕಳೆದರೆ ಬರುವ ಸಂಖ್ಯೆ ಎಲ್ಲರ ಲೆಕ್ಕದಲ್ಲೂ ಒಂದೇ. ಒಬ್ಬರಿಗೆ ಅದು ಋಣ ಸಂಖ್ಯೆಯಾದರೆ ಇನ್ನೊಬ್ಬರಿಗೆ ಧನವಾಗದು. 1908ರಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ದೇಶ–ಕಾಲಗಳನ್ನು ಒಂದೇ ಹಂದರಕ್ಕೆ ಕಟ್ಟಿದ ಮೇಲೆ ಚಿತ್ರ ಸ್ಪಷ್ಟವಾಯಿತು: ವಿದ್ಯುತ್ತಿನ ಮೂರು, ಕಾಂತದ ಮೂರು, ಒಟ್ಟು ಆರು ಅಂಶಗಳ ಒಂದೇ ವಸ್ತು. ನೋಡುವವರ ವೇಗ ಬದಲಾದರೆ ಆರರೊಳಗೆ ಹಂಚಿಕೆ ಬದಲಾಗುತ್ತದೆ. ಅಣ್ಣತಮ್ಮಂದಿರ ಪಾಲುಪಟ್ಟಿಯಂತೆ, ಆಸ್ತಿ ಅಷ್ಟೇ.

ಇಬ್ಬರ ಪ್ರಶ್ನೆಗಳನ್ನು ಇಲ್ಲಿ ದಾಖಲಿಸುತ್ತೇನೆ.

ಮೊದಲನೆಯದು ಹಿರಿಯರೊಬ್ಬರದು: ‘ತಟಸ್ಥ ತಂತಿ ಓಡುವವರಿಗೆ ಧನವಾಗಿ ಕಂಡಿತು ಅಂದಿರಿ. ಆವೇಶ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ ಎಂದವರೂ ನೀವೇ. ಆ 45 ಎಲ್ಲಿಂದ ಬಂತು ಸ್ವಾಮಿ?’

ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ತಂತಿ ಎಲ್ಲೋ ಒಂದು ಕಡೆ ಸೆಲ್ಲಿಗೆ ಮರಳಲೇಬೇಕು, ಅದು ಕುಣಿಕೆ. ಹೋಗುವ ತಂತಿಯಲ್ಲಿ ಎಲೆಕ್ಟ್ರಾನುಗಳು ನಿಮ್ಮ ಜೊತೆ ಓಡಿದರೆ ಮರಳುವ ತಂತಿಯಲ್ಲಿ ನಿಮಗೆ ಎದುರಾಗಿ, ಇನ್ನೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತವೆ. ಅಲ್ಲಿ ಕುಗ್ಗಿ ಒತ್ತಾಗುವುದು ಎಲೆಕ್ಟ್ರಾನುಗಳ ಸಾಲು. ಹಾಗಾಗಿ ಆ ಬದಿ ನಿಮಗೆ ಋಣವಾಗಿ ಕಾಣುತ್ತದೆ, ಇಲ್ಲಿ ಹೆಚ್ಚಿದ್ದು ಅಲ್ಲಿ ಸರಿಹೋಗುತ್ತದೆ. ಇದರ ಬೇರು ಇನ್ನೂ ಆಳದಲ್ಲಿದೆ. ‘ಈಗ, ಈ ಕ್ಷಣ ಕುಣಿಕೆಯ ಯಾವ ಬದಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ’ ಎಂದು ತಲೆ ಎಣಿಸಬೇಕಾದರೆ ಎಲ್ಲ ಕಡೆ ಒಂದೇ ಕ್ಷಣದಲ್ಲಿ ಎಣಿಸಬೇಕು. ನನ್ನ ‘ಒಂದೇ ಕ್ಷಣ’ವೂ ನಿಮ್ಮ ‘ಒಂದೇ ಕ್ಷಣ’ವೂ ಬೇರೆ. ಎಲೆಕ್ಟ್ರಾನುಗಳು ಮೂಲೆ ತಿರುಗುತ್ತಿರುವಾಗ ನಾನೊಂದು ಗಳಿಗೆಗೆ, ನೀವೊಂದು ಗಳಿಗೆಗೆ ಎಣಿಸಿದರೆ ಬದಿಗಳ ಎಣಿಕೆ ಬೇರೆಯಾಗದೆ ಇರುತ್ತದೆಯೇ? ಒಟ್ಟು ಮಾತ್ರ ಇಬ್ಬರಿಗೂ ಸೊನ್ನೆ.

ಎರಡನೆಯದು ಮುಂದಿನ ಸಾಲಿನಲ್ಲಿದ್ದ ಹುಡುಗಿಯದು. ಅವಳು ದಿಕ್ಸೂಚಿಯನ್ನು ಕೈಗೆತ್ತಿಕೊಂಡು ಕೇಳಿದಳು: ‘ಸರ್, ತಂತಿಯಲ್ಲಿ ಕರೆಂಟ್ ಓಡುತ್ತೆ, ಸರಿ. ಈ ಮುಳ್ಳಿನೊಳಗೆ ಏನು ಓಡುತ್ತೆ? ಸೆಲ್ಲೇ ಇಲ್ಲವಲ್ಲ?’

ಆಂಪಿಯರಿಗೂ ಇದೇ ಅನುಮಾನ ಬಂದಿತ್ತು, ಅಯಸ್ಕಾಂತದ ಒಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಕರೆಂಟುಗಳು ಸುತ್ತುತ್ತಿವೆ ಎಂದು ಅವರು ಊಹಿಸಿದ್ದರು. ಅರ್ಧ ಸರಿ. ಕಬ್ಬಿಣದ ಕಾಂತತ್ವ ಬಹುಮಟ್ಟಿಗೆ ಬರುವುದು ಎಲೆಕ್ಟ್ರಾನಿನ ಸ್ಪಿನ್‌ನಿಂದ. ಸ್ಪಿನ್ ಎಂದರೆ ಬುಗುರಿ ತಿರುಗಿದಂತೆ ಅಲ್ಲ. ಎಲೆಕ್ಟ್ರಾನಿಗೆ ಆವೇಶ ಹೇಗೋ ಹಾಗೆ ಹುಟ್ಟಿನಿಂದಲೇ ಬಂದ ಗುಣ. ಅದನ್ನು ಓಡುವ ಆವೇಶಗಳ ಎಣಿಕೆಯಿಂದ ವಿವರಿಸಲು ಆಗುವುದಿಲ್ಲ. 1928ರಲ್ಲಿ ಡಿರಾಕ್ ಕ್ವಾಂಟಮ್ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಒಂದೇ ಸಮೀಕರಣದಲ್ಲಿ ಕೂರಿಸಿದಾಗ ಎಲೆಕ್ಟ್ರಾನಿನ ಈ ಕಾಂತಗುಣ, ಸರಿಯಾದ ಪ್ರಮಾಣದಲ್ಲಿಯೇ, ತಾನಾಗಿ ಹೊರಬಂತು. ಹಾಗಾಗಿ, ಮಗಳೇ, ಈ ಮೇಜಿನ ಮೇಲಿನ ಪ್ರಯೋಗದಲ್ಲಿ ನಾನು ಇವತ್ತು ವಿವರಿಸಿದ್ದು ತಂತಿಯ ಪಾಲನ್ನು ಮಾತ್ರ. ನಿನ್ನ ಕೈಯಲ್ಲಿರುವ ಮುಳ್ಳಿನ ಪಾಲು ಹಾಗೇ ಉಳಿದಿದೆ, ಅದಕ್ಕೆ ಇನ್ನೊಂದು ಸಂಜೆ ಬೇಕು.